ಬಿರುಕು ಬಿಟ್ಟ ಬ್ರಾಕೆಟ್

ನಾನು ಒಂದು ಬ್ರಾಕೆಟ್. ಬೆಳಗಾವಿಯ ಎರಕದ ಕಾರ್ಖಾನೆಯೊಂದರಲ್ಲಿ, ಮರಳಿನ ಅಚ್ಚಿಗೆ ಕೆಂಪಗೆ ಸುರಿದ ಕಬ್ಬಿಣ ಆರಿ ಕಪ್ಪಾದಾಗ ಹುಟ್ಟಿದೆ. ಅಂಗೈಯಗಲದ ಮೈ, ಮೂರು ತೂತು. ಕಾರಿನಲ್ಲಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರನ್ನು ಎಂಜಿನ್ನಿಗೆ ಬಿಗಿಯಾಗಿ ಹಿಡಿದು ನಿಲ್ಲಿಸುವುದು ನನ್ನ ಕೆಲಸ. ನಾನು ಮುರಿದರೆ ಬೆಲ್ಟು ಕಳಚುತ್ತದೆ. ಆಮೇಲೆ ಕರೆಂಟೂ ಇಲ್ಲ, ಎಂಜಿನ್ನನ್ನು ತಂಪಾಗಿಡುವ ನೀರೂ ಓಡುವುದಿಲ್ಲ. ಇಷ್ಟಾದರೂ ಬಾನೆಟ್ ಎತ್ತಿದವರು ಯಾರೂ ನನ್ನ ಕಡೆ ನೋಡುವುದಿಲ್ಲ.

ಎಂಟು ವರ್ಷ ಒಬ್ಬ ಪಶುವೈದ್ಯರ ಕಾರಿನಲ್ಲಿದ್ದೆ. ಒಂದು ಮುಂಜಾನೆ ಆ ಕಾರು ಗ್ರಾನೈಟ್ ಕಲ್ಲು ಹೊತ್ತ ಲಾರಿಯ ಹಿಂಬದಿಗೆ ಗುದ್ದಿತು. ವೈದ್ಯರು ಉಳಿಯಲಿಲ್ಲ. ನಾನು ಉಳಿದೆ, ಆದರೆ ಮೇಲಿನ ತೂತಿನ ಪಕ್ಕ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಇಳಕಲ್ಲಿನ ಮೆಕ್ಯಾನಿಕ್ ಮೌನೇಶ ನನ್ನನ್ನು ಬಿಚ್ಚಿ ತಂದು ಹಳೆ ಸಾಮಾನಿನ ಡಬ್ಬಿಗೆ ಎಸೆದ. ಅಲ್ಲೇ ತುಕ್ಕು ಹಿಡಿಯುತ್ತ ಬಿದ್ದಿದ್ದರೆ ಚೆನ್ನಾಗಿತ್ತು.

ಯಮನೂರಪ್ಪನನ್ನು ನಾನು ಮೊದಲು ಕಂಡದ್ದು ಆ ಗ್ಯಾರೇಜಿನಲ್ಲಿ. ಹತ್ತಿರದ ಹಳ್ಳಿಯ ಬಾಪುಗೌಡನ ಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಡ್ರೈವರ್. ಕಾರಿನ ಬ್ರಾಕೆಟ್ ಮುರಿದಿತ್ತು. ಗೌಡನೂ ಜೊತೆಗೆ ಬಂದಿದ್ದ.

“ಹೊಸಾದು ಹುಬ್ಬಳ್ಳಿಯಿಂದ ಬರಬೇಕ್ರಿ ಗೌಡ್ರ. ಮೂರು ದಿನ ಹಿಡೀತೈತಿ,” ಎಂದ ಮೌನೇಶ.

“ಮೂರು ತಾಸೂ ಆಗಂಗಿಲ್ಲ. ಹಳೇದು ಯಾವದರ ಹಾಕು.”

ಗೌಡನ ಅವಸರಕ್ಕೆ ಕಾರಣವಿತ್ತು. ಅವನ ತಾಯಿ ನೀಲಗಂಗವ್ವನ ಹೆಸರಿನಲ್ಲಿ ಹೊಲವಿತ್ತು. ಮುದುಕಿಯ ಶ್ವಾಸಕೋಶ ಕೆಟ್ಟು, ಆಕ್ಸಿಜನ್ ಮಷೀನಿನ ಮೇಲೆ ಉಸಿರಾಡುತ್ತಿದ್ದಳು. ಧಾರವಾಡದಲ್ಲಿದ್ದ ಅವಳ ಮಗಳು ಕಸ್ತೂರಿ ನಾಡಿದ್ದು ಬಂದು ತಾಯಿಯನ್ನು ಕರೆದೊಯ್ಯುವವಳಿದ್ದಳು. ಅಷ್ಟರೊಳಗೆ, ನಾಳೆಯೇ, ನೋಂದಣಿ ಕಚೇರಿಯಲ್ಲಿ ಹೊಲವೆಲ್ಲ ತನ್ನ ಹೆಸರಿಗೆ ಆಗಬೇಕೆಂದು ಗೌಡನ ಹಟ.

ಮೌನೇಶ ಡಬ್ಬಿಯಿಂದ ನನ್ನನ್ನು ತೆಗೆದ. ಯಮನೂರಪ್ಪ ಇಸಿದುಕೊಂಡು ಹೆಬ್ಬೆರಳು ಆಡಿಸಿದ. ಬೆರಳು ಬಿರುಕಿನ ಮೇಲೆ ಬಂದು ನಿಂತಿತು.

“ಗೌಡ್ರ, ಇದು ಬಿರುಕು ಬಿಟ್ಟೈತ್ರಿ. ಅವ್ವಾರ ಉಸಿರಿನ ಮಷೀನು ಕಾರಿನ ಕರೆಂಟಿನ ಮ್ಯಾಲ ನಡೀಬೇಕು. ಬ್ಯಾಡ್ರಿ, ಬಾಡಿಗಿ ಗಾಡಿ ತರಸೂನು.”

“ಬಾಡಿಗಿಯಾಂವ ಊರ ತುಂಬ ಸುದ್ದಿ ಹಚ್ಚತಾನ. ನಿನಗ ಸ್ಟೇರಿಂಗ್ ಹಿಡಿಯಾಕ ಇಟ್ಟೀನಿ, ಬುದ್ಧಿ ಹೇಳಾಕಲ್ಲ.”

ಮೌನೇಶ ಯಾರ ಮುಖವನ್ನೂ ನೋಡದೆ ಬಿರುಕಿನ ಮೇಲೆ ಕಪ್ಪು ಬಣ್ಣ ಬಳಿದು ನನ್ನನ್ನು ಬಿಗಿದ.

ಮರುದಿನ ಬೆಳಿಗ್ಗೆ ಗೌಡ ಸಾಕ್ಷಿದಾರರ ಜೀಪಿನಲ್ಲಿ ಅವರೊಂದಿಗೆ ಮುಂದೆ ಹೋದ. ನೀಲಗಂಗವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಮಷೀನಿನ ವೈರನ್ನು ಕಾರಿಗೆ ಸಿಕ್ಕಿಸಿದರು.

“ಸಾವಕಾಶ ಹೋಗಪಾ ಯಮನೂರ,” ಎಂದಳು ಮುದುಕಿ. “ನನಗೇನೂ ಅವಸರಿಲ್ಲ.”

ಅವನು ನಲವತ್ತರ ಮೇಲೆ ಓಡಿಸಲೇ ಇಲ್ಲ. ತಗ್ಗು ಕಂಡಲ್ಲೆಲ್ಲ ತೂಗುಯ್ಯಾಲೆಯಂತೆ ಇಳಿಸಿ ಹತ್ತಿಸಿದ. ಆದರೂ ನನ್ನ ಬಿರುಕು ಪ್ರತಿ ನಡುಕಕ್ಕೂ ಅಗಲವಾಗುತ್ತಿತ್ತು. ಕಚೇರಿಯಿದ್ದ ಊರು ಇನ್ನೂ ಐದು ಕಿಲೋಮೀಟರ್ ಇರುವಾಗ ಎರಡು ತುಂಡಾದೆ. ಆಲ್ಟರ್ನೇಟರ್ ಜೋತುಬಿತ್ತು, ಬೆಲ್ಟು ಹಾರಿತು, ಎಂಜಿನ್ ಕುದಿಯಿತು.

ಯಮನೂರಪ್ಪ ಎಂಜಿನ್ ಆರಿಸಿದ. ಹಳೆ ಬ್ಯಾಟರಿ, ಮಷೀನನ್ನು ಬಹಳ ಹೊತ್ತು ಎಳೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಗೌಡನಿಗೆ ಫೋನ್ ಮಾಡಿದ. ರಸ್ತೆಯ ನಡುವೆ ನಿಂತು ಟವೆಲ್ ಬೀಸಿದ. ಎರಡು ಕಾರು, ಒಂದು ಬಸ್ಸು ಅವನನ್ನು ಬಳಸಿಕೊಂಡು ಹೋದವು. ಮಷೀನು ಕೀಂ ಎಂದು ಕೂಗಿ ನಿಂತಿತು. ಅವನು ಮುದುಕಿಯನ್ನು ಎದೆಗೆ ಆನಿಸಿ ಕೂರಿಸಿಕೊಂಡು ಗಾಳಿ ಹಾಕಿದ. ಅವಳ ಉಗುರುಗಳು ನೀಲಿಯಾಗುತ್ತಿದ್ದವು.

ಗೌಡ ಜೀಪಿನಲ್ಲಿ ಹಿಂದಿರುಗಿ ಬಂದ. ಇಬ್ಬರು ಸೇರಿ ಅವಳನ್ನು ಎತ್ತಿ ಹಾಕಿದರು.

“ದವಾಖಾನಿ ಊರ ಬಾಯಾಗಽ ಐತ್ರಿ,” ಎಂದ ಯಮನೂರಪ್ಪ.

ಗೌಡ ಗಡಿಯಾರ ನೋಡಿದ. “ಮೊದಲು ಆಫೀಸು. ಊಟಕ್ಕ ಎದ್ದು ಹೋಗತಾರ.”

“ಅವ್ವಾರು ಸಾಯತಾರ್ರೀ!” ಯಮನೂರಪ್ಪ ಜೀಪಿನ ಬಾಗಿಲು ಹಿಡಿದ. ಗೌಡ ಅವನ ಬೆರಳುಗಳ ಮೇಲೇ ಬಾಗಿಲು ಜಗ್ಗಿ ಹಾಕಿದ. ಕೈ ಬಿಡಿಸಿಕೊಂಡ ಮೇಲೆ ಜೀಪು ಹೊರಟಿತು.

ಅವನು ಬಾನೆಟ್ಟಿನೊಳಗೆ ಕೈ ಹಾಕಿ, ಮುರಿದು ನೇತಾಡುತ್ತಿದ್ದ ನನ್ನ ತುಂಡನ್ನು ಕಿತ್ತುಕೊಂಡ. ನಾನಿನ್ನೂ ಸುಡುತ್ತಿದ್ದೆ. ಕಿಸೆಗೆ ಹಾಕಿಕೊಂಡು ಊರಿನವರೆಗೂ ಓಡಿದ. ಆಸ್ಪತ್ರೆಯ ಬಾಗಿಲಲ್ಲಿ ಕಾದ. ಎಷ್ಟೋ ಹೊತ್ತಿನ ಮೇಲೆ ಅವಳನ್ನು ತಂದಾಗ ಉಸಿರಿರಲಿಲ್ಲ. ಅವಳ ಎಡಗೈ ಹೆಬ್ಬೆರಳಿಗೆ ಮಸಿ ಮೆತ್ತಿತ್ತು.

ಮೂರನೆಯ ದಿನ, ಗೌಡನ ಮನೆಯ ಅಂಗಳದಲ್ಲಿ ಊರೆಲ್ಲ ಕೂತಿತ್ತು. “ಅವ್ವ ಹೆಂಗ ಹ್ವಾದ್ಳು?” ಎಂದು ಕಸ್ತೂರಿ ಕೇಳಿದಳು.

“ಇವನ್ನ ಕೇಳು,” ಎಂದ ಗೌಡ. “ಎಬಡನಂಗ ಓಡಿಸಿ ಗಾಡಿ ಮುರದ.”

ಯಮನೂರಪ್ಪ ಬಾತ ಬೆರಳುಗಳಲ್ಲಿ ನನ್ನನ್ನು ಎತ್ತಿ ಹಿಡಿದ. “ಅಕ್ಕಾರ, ನೋಡ್ರಿ. ಇಲ್ಲಿ ಹಳೇ ಬಿರುಕು, ತುಕ್ಕು ಹಿಡದೈತಿ. ಇಲ್ಲಿ ಹೊಸಾದಾಗಿ ಮುರದದ್ದು, ಹೊಳೀತೈತಿ. ಹಾಕಬ್ಯಾಡ್ರಿ ಅಂತ ಹೇಳಿದ್ದೆ. ಮೌನೇಶನ್ನ ಕೇಳ್ರಿ.”

ಮೌನೇಶ ಅಲ್ಲೇ ಇದ್ದ. ಅವನ ಗ್ಯಾರೇಜಿನ ಜಾಗ ಗೌಡನದು. ನೆಲ ನೋಡುತ್ತ ಹೇಳಿದ: “ಚೊಲೋ ಸಾಮಾನಾ ಹಾಕಿದ್ದೆ. ಇಂವಾ ಏನೂ ಹೇಳಲಿಲ್ಲ.”

ಕಸ್ತೂರಿ ಎದ್ದು ಬಂದಳು. ಅವಳು ಶಾಲೆಗೆ, ಕಾಲೇಜಿಗೆ, ಗಂಡನ ಮನೆಗೆ ಹೋದದ್ದೆಲ್ಲ ಅವನ ಕಾರಿನಲ್ಲೇ. ನನ್ನನ್ನು ಕಣ್ಣೆತ್ತಿ ನೋಡಲಿಲ್ಲ. ಅವನ ಮುಖಕ್ಕೆ ಉಗುಳಿದಳು.

ಆಮೇಲೆ ಸುತ್ತಲ ಯಾವ ಊರಿನಲ್ಲೂ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಈಗ ಕಲ್ಲು ಕೊರೆಯುವ ಕಾರ್ಖಾನೆಯಲ್ಲಿ ಕಲ್ಲುಪುಡಿಯ ಕೆಸರು ಬಾಚುತ್ತಾನೆ. ನಾನು ಅವನ ಮನೆಯ ಗೂಡಿನಲ್ಲಿದ್ದೇನೆ. ಮೊದಮೊದಲು ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದ. ಜನ ಬೇಸತ್ತು ಬರುವುದನ್ನೇ ಬಿಟ್ಟರು. ನಾಲ್ಕು ಮಳೆಗಾಲ ಕಳೆದವು. ಹೊಳೆಯುತ್ತಿದ್ದ ಭಾಗಕ್ಕೂ ತುಕ್ಕು ಹತ್ತಿದೆ. ಯಾವುದು ಹಳೆಯ ಬಿರುಕು, ಯಾವುದು ಆ ದಿನ ಮುರಿದದ್ದು ಎಂದು ಈಗ ಯಾವ ಕಣ್ಣಿಗೂ ತಿಳಿಯದು.

ಮೊನ್ನೆ ಭಾನುವಾರ ಅವನು ನನ್ನನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದ. ಹೆಂಡತಿ ಹುಲಿಗೆವ್ವ ಜೋಳ ಹಸನು ಮಾಡುತ್ತಿದ್ದಳು.

“ಆ ತಗ್ಗಿನಾಗ ಇನ್ನಷ್ಟು ಸಾವಕಾಶ ಇಳಸಬೇಕಿತ್ತೇನ,” ಎಂದ.

“ಮತ್ತ ಸುರು ಮಾಡಿದ್ರಿ? ಬಿರುಕು ಐತಿ ಅಂತ ನೀವು ಮೊದಲಽ ಹೇಳಿರಲಿಲ್ಲೇನು?”

ಅವನು ಅವಳ ಮುಖವನ್ನೇ ನೋಡಿದ.

“ಹೇಳಿದ್ನಾ?” ಎಂದ. “ಖರೇನ ಹೇಳಿದ್ನಾ, ಹುಲಿಗೀ?”