ಎಂ.ಪಿ. ಸಾಹೇಬರ ಬಾಮೈದ

ತಟ್ಟೆಯ ಕೆಂಪು ನೀರು ಅಂಚಿನವರೆಗೆ ಬಂದು ಹಿಂದಕ್ಕೆ ಸರಿಯಿತು, ಪ್ಲಾಟ್‌ಫಾರಮ್ಮಿನ ಮೇಲೆ ನಿಂತ ಸೊಣ್ಣಮ್ಮ ತಟ್ಟೆಯನ್ನು ಸರಿಮಾಡಿ ಹಿಡಿದುಕೊಂಡಳು, ರೈಲು ರಾಜಾನುಕುಂಟೆ ದಾಟಿತಂತೆ, ಪಕ್ಷದ ಸೆಕ್ರೆಟರಿ ಬ್ಯಾಟರಾಯಪ್ಪ ಮತ್ತೆ ಬಂದು ಹೇಳಿ ಹೋದ, ಅಮ್ಮಾವ್ರೇ ನೀವು ಇಲ್ಲೇ ನಿಂತ್ಕೊಳ್ಳಿ, ಸಾಹೇಬ್ರು ಇಳೀತಿದ್ದಂಗೆ ಆರತಿ ಎತ್ತಿ, ಪೇಪರ್‌ನೋರು ಫೋಟೋ ಹಿಡೀತಾರೆ, ಒಸಿ ನಗ್ತಾ ಇರಿ — ನಗಬೇಕಂತೆ, ಚೀನಾದವರ ಜೊತೆ ಯುದ್ಧವಾದಾಗಲೂ ಇವನೇ ಹೇಳಿದ್ದು ನಗಬೇಕು ಅಂತ, ಮಲ್ಲೇಶ್ವರದ ಕಡೆಯ ಯಾವುದೋ ವೇದಿಕೆಯ ಮೇಲೆ ಕೈಯ ಬಂಗಾರದ ಬಳೆ ಬಿಚ್ಚಿ ದೇಶಕ್ಕೆ ಕೊಡುತ್ತ ನಗಬೇಕು, ಅವ್ವ ಹಾಕಿದ ಬಳೆ, ನಕ್ಕಳು, ಆ ಫೋಟೋ ಇವತ್ತಿಗೂ ಪಡಸಾಲೆಯಲ್ಲಿ ನೇತಾಡುತ್ತಿದೆ. ಬೆಳಿಗ್ಗೆ ಹಟ್ಟಿಯ ಸಗಣಿ ಬಾಚಿ, ಹಸು ಕರೆದು, ಮಕ್ಕಳಿಗೆ ಮುದ್ದೆ ತಿರುವಿಟ್ಟು, ಅದೇ ಕೈಯಲ್ಲಿ ಅರಿಸಿನ ಸುಣ್ಣ ಕಲಸಿ ತಂದಿದ್ದಾಳೆ, ಉಗುರಿನ ಸಂದಿಯಲ್ಲಿ ಇನ್ನೂ ಸಗಣಿಯಿದೆ, ಫೋಟೋದಲ್ಲಿ ಅದು ಕಾಣುವುದಿಲ್ಲ. ಮತ್ತೆ ಅಲ್ಲಿ, ನಲ್ಲಿಯ ಹತ್ತಿರ, ಒಗೆದ ಅಂಗಿ ತೊಟ್ಟುಕೊಂಡು ಚಿಕ್ಕಬೈರಪ್ಪ ನಿಂತಿದ್ದಾನೆ, ಅವಳ ತಮ್ಮ, ಬಾವನನ್ನು ಎದುರುಗೊಳ್ಳಲು ಬಂದಿದ್ದಾನೆ, ನಾಚಿಕೆಯಿಲ್ಲದವನು, ಕಲ್ಲು ನೆಟ್ಟುಹೋಗಿದ್ದಾರೆ ಕಣೋ ನಿನ್ನ ದ್ರಾಕ್ಷಿ ಚಪ್ಪರದ ನಟ್ಟನಡುವೆ, ಸರ್ಕಾರದ ಕಲ್ಲು, ಸುಣ್ಣ ಬಳಿದದ್ದು, ನೀನಿಲ್ಲಿ ಹೂವಿನ ಹಾರ ಹಿಡಿದು ನಿಂತಿದ್ದೀಯ.

ಯಲಹಂಕದಲ್ಲೇ ಇಳಿಯಬೇಕು ಅವಳ ಗಂಡನಿಗೆ, ಗುಂತಕಲ್ಲಿನ ರೈಲು ಸೀದಾ ಬೆಂಗಳೂರಿಗೇ ಹೋಗುತ್ತದೆ, ಆದರೂ ಎಂ.ಪಿ. ಮುನಿಕೃಷ್ಣಪ್ಪನವರು ತಮ್ಮ ಜನರ ನಡುವೆ ಇಳಿದರು ಅಂತ ಅನ್ನಿಸಿಕೊಳ್ಳಬೇಕು, ತಮ್ಮ ಜನ! ನಲವತ್ತೆರಡರಲ್ಲಿ ಜೈಲಿಗೆ ಹೋದಾಗ ಯಾವ ಜನ ಬಂದರು, ಒಬ್ಬಳೇ ಎಮ್ಮೆ ಸಾಕಿ, ಕತ್ತಲಿರುವಾಗಲೇ ಕೊಡ ಹೊತ್ತು ಹೆಬ್ಬಾಳದ ಏರಿ ದಾಟಿ ಮಲ್ಲೇಶ್ವರಕ್ಕೆ ಹಾಲು ಹಾಕಿ ಬಂದವಳು ಯಾರು, ಆಗಿನ್ನೂ ಹುಡುಗನಾಗಿದ್ದ ಈ ತಮ್ಮ ಹಿಂದೆಯೇ ಬರುತ್ತಿದ್ದ, ಅಕ್ಕಯ್ಯ ನಂಗೊಂದು ಕೊಡ ಕೊಡು ಅನ್ನುತ್ತಿದ್ದ. ಮೊದಲ ಎಲೆಕ್ಷನ್ನಿಗೆ ಎತ್ತಿನ ಗಾಡಿ ಇವನದೇ, ಎತ್ತು ಇವನವೇ, ಯಶವಂತಪುರದಿಂದ ಮಾಕಳಿವರೆಗೆ ಊರೂರು ತಿರುಗಿ ಗಂಟಲು ಹರಿದುಕೊಂಡ, ನಮ್ ಬಾವಂಗೆ ಓಟಾಕಿ, ನಮ್ ಬಾವಂಗೆ ಓಟಾಕಿ. ಗೆದ್ದರು, ಮತ್ತೆ ಗೆದ್ದರು, ಮತ್ತೂ ಗೆದ್ದರು. ಊರಿನವರು ಕಾಫಿ ಹೋಟೆಲಿನ ರೇಡಿಯೋ ಮುಂದೆ ಕುಕ್ಕುರುಗಾಲಲ್ಲಿ ಕೂತು ಕಾದರು, ಪಾರ್ಲಿಮೆಂಟಿನಲ್ಲಿ ನಮ್ಮವರು ಮಾತಾಡೋದು ಬತ್ತದೆ ಅಂತ, ಬರಲಿಲ್ಲ, ಹೋಟೆಲಿನವನು ತಮಾಷೆ ಮಾಡಿದ, ನಿಮ್ ಸಾಹೇಬ್ರು ಅಲ್ಲಿ ಕೈ ಎತ್ತಕ್ಕೆ ಮಾತ್ರ ಇರೋದು ಕಣ್ರಯ್ಯ, ರೇಡಿಯೋದಲ್ಲಿ ಕೈ ಕಾಣಲ್ಲ — ಎಲ್ಲರೂ ನಕ್ಕರು, ಚಿಕ್ಕಬೈರಪ್ಪ ಒಬ್ಬ ಅವನ ಮೇಲೆ ಏರಿಹೋದನಂತೆ.

ಮತ್ತೆ ಆ ಎಲೆ ಅಡಿಕೆ. ಕೊಡಿಗೇಹಳ್ಳಿಯ ಆಚೆಗಿರುವ ಅವಳ ತವರಿನ ಸುತ್ತ ಕೇಂದ್ರ ಸರ್ಕಾರದ ಯಾವುದೋ ಕಾರ್ಖಾನೆ ಬರುತ್ತದಂತೆ, ಜಮೀನು ಹಿಡಿಯುತ್ತಾರಂತೆ ಅಂತ ನೋಟೀಸು ಬಂದ ವಾರವೇ ಊರಿಗೆ ಊರೇ ಮಾರಮ್ಮನ ಗುಡಿ ಮುಂದೆ ಸೇರಿ, ಹಿತ್ತಾಳೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಚಿಕ್ಕಬೈರಪ್ಪನ ಕೈಯಲ್ಲೇ ಅವಳ ಗಂಡನಿಗೆ ಕೊಡಿಸಿತು. ಗುಡಿ ಮುಂದೆ ಎಲೆ ತಗೊಂಡವನು ಆ ಭಾರವನ್ನು ತಲೆಯ ಮೇಲೆ ಹೊತ್ತುಕೊಂಡ ಹಾಗೆ, ಅವನು ತಗೊಂಡ ಮೇಲೆ ಕೊಟ್ಟವರು ಇನ್ನೊಂದು ಬಾಗಿಲಿಗೆ ಹೋಗಬಾರದು, ಹೋದರೆ ಅವನ ಮುಖಕ್ಕೆ ಉಗಿದ ಹಾಗೆ, ಆ ಊರಿನಲ್ಲಿ ಹುಟ್ಟಿದ ಕೂಸಿಗೂ ಅದು ಗೊತ್ತು, ಆ ಊರಿನ ಅಳಿಯನಿಗೆ ಗೊತ್ತಿರಲಿಲ್ಲವಾ, ತಗೊಂಡರು, ಎರಡೂ ಕೈಯೊಡ್ಡಿ ತಗೊಂಡರು, ನಾನಿದೀನಿ ಅಂದರು, ರಾತ್ರಿ ರೈಲಿಗೆ ದಿಲ್ಲಿಗೆ ಹೋದರು. ಅಮಲ್ದಾರರ ಕಚೇರಿಯಲ್ಲಿ ತಕರಾರು ಕೇಳುವ ದಿನ ಬಂತು, ಪಕ್ಕದ ಹಳ್ಳಿಯವರು ವಕೀಲರನ್ನು ಹಿಡಿದುಕೊಂಡು ಹೋದರು, ಅವರ ಹೊಲ ಉಳಿಯಿತು, ಇವರು ಒಬ್ಬರೂ ಹೋಗಲಿಲ್ಲ, ಕೂಗಿದರಂತೆ, ಯಾರೂ ಇಲ್ಲ, ಈ ಊರಿನವರ ತಕರಾರಿಲ್ಲ ಅಂತ ಬರೆದುಕೊಂಡು ಮುಗಿಸಿದರಂತೆ. ಕಲ್ಲು ನೆಟ್ಟ ದಿನ ಅವಳು ಓಡಿಹೋಗಿ ತಮ್ಮನ ರಟ್ಟೆ ಹಿಡಿದು ಅಲ್ಲಾಡಿಸಿ ಕೇಳಿದಳು, ಯಾಕೋ ಹೋಗಲಿಲ್ಲ, ಒಂದು ಅರ್ಜಿ ಬಿಸಾಕಿ ಬರಕ್ಕೆ ಏನಾಗಿತ್ತು ನಿಂಗೆ, ಅವನು ಅವಳನ್ನೇ ಪೆದ್ದಿಯನ್ನು ನೋಡುವಂತೆ ನೋಡಿದ, ಎಲೆ ಕೊಟ್ಟಮ್ಯಾಕೆ ಅರ್ಜಿ ಕೊಟ್ರೆ ಬಾವನ ಮಾತು ನಂಬ್ಲಿಲ್ಲ ಅಂದಂಗಾಗಲ್ವಾ ಅಕ್ಕಯ್ಯ, ನಾವು ಅಂಗೆ ಮಾಡಾಕಾಯ್ತದಾ. ಮನೆಗೆ ಬಂದು ಅವಳು ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಎಮ್ಮೆಗೆ ಬಾರಿಸಿದಳು.

ರೈಲು ಬಂತು, ಹೊಗೆ, ಕಲ್ಲಿದ್ದಲಿನ ವಾಸನೆ, ತಮಟೆ, ಜೈಕಾರ, ಬಾಗಿಲಲ್ಲಿ ಬಿಳಿ ಟೋಪಿ — ಮೈ ಬಂದಿದೆ, ಕೆನ್ನೆ ತುಂಬಿಕೊಂಡಿದೆ, ಬ್ಯಾಟರಾಯಪ್ಪ ಆರತಿ ಆರತಿ ಅಂತ ಕಿವಿಯಲ್ಲೇ ಅರಚುತ್ತಾನೆ, ಕರ್ಪೂರ ಉರಿಯುತ್ತಿದೆ, ತಟ್ಟೆ ಎತ್ತಲಿಲ್ಲ ಅವಳು. ಕೈ ಏಳಲಿಲ್ಲ, ಏಳಿಸಲಿಲ್ಲ. ಅಮ್ಮಾವ್ರಿಗೆ ಬಿಸಿಲು ಹತ್ತೈತೆ ಅಂದ ಯಾರೋ ಹಿಂದಿನವನು, ಅವಳು ತಟ್ಟೆ ಬಗ್ಗಿಸಿದಳು, ಕೆಂಪು ನೀರೆಲ್ಲ ತನ್ನ ಕಾಲಮೇಲೆಯೇ ಹರಿಯಿತು, ಕರ್ಪೂರ ಚುಂಯ್ ಅಂದು ಆರಿತು, ಗಂಡ ಹತ್ತಿರ ಬಂದರು, ಅವಳು ಇಷ್ಟೇ ಕೇಳಿದಳು, ಗುಡಿ ಮುಂದೆ ಎಲೆ ಯಾಕೆ ತಗೊಂಡ್ರಿ?

ಜನರ ಕಡೆಗೆ ಕೈ ಮುಗಿದುಕೊಂಡೇ ಇದ್ದರು, ಮುಖದ ನಗು ಅಲ್ಲಾಡಲಿಲ್ಲ, ತುಟಿ ಮಾತ್ರ ಆಡಿದವು, ಇಲ್ಲಿ ಬೇಡ ಸೊಣ್ಣಿ, ಮನೆಗೆ ನಡಿ, ಸ್ವಂತ ಬಾಮೈದನ ತೋಟ ಬಿಡಿಸ್ಕೊಂಡ ಅಂತ ನಾಳೆ ಎದುರು ಪಾರ್ಟಿಯೋರು ಎದ್ದು ಕೇಳಲ್ವಾ, ನಾನು ಬಾಯೇ ಬಿಡಲಿಲ್ಲ, ಬಿಡೋ ಹಂಗಿರಲಿಲ್ಲ. ಹಂಗಂದ್ರೆ ಬೇಡ ಅನ್ಬೇಕಿತ್ತು ಅವತ್ತೇ, ಊರೋರು ಅರ್ಜಿನಾದ್ರೂ ಹಾಕ್ಕೊಳ್ಳೋರು, ಅಂದಳು. ಗುಡಿ ಮುಂದೆ ಜನ ಎಲೆ ಕೊಟ್ಟಾಗ ಬೇಡ ಅಂದ್ರೆ ಮುಂದಿನ ವರ್ಷ ಓಟು ಯಾರು ಹಾಕ್ತಾರೆ, ನೀನೇ ಹೇಳು — ನೀನೇ ಹೇಳು ಅಂದರು, ಅಷ್ಟು ಮೆಲ್ಲಗೆ, ಮಗುವನ್ನು ರಮಿಸುವ ಹಾಗೆ. ಪಕ್ಕದಲ್ಲೇ ಇದ್ದ ಚಿಕ್ಕಬೈರಪ್ಪ, ಹಾರ ಹಾಕಲು ಬಂದವನು, ಎರಡು ಮಾರು ದೂರವೂ ಇಲ್ಲ, ಕೇಳಿಸಿತು ಅವನಿಗೆ, ಪೂರ್ತಿ ಕೇಳಿಸಿತು, ಮುಖ ಒಂದು ಗಳಿಗೆ ಬೂದಿಯಾಯಿತು, ಈಗ ಆ ಹಾರ ಎಸೆಯುತ್ತಾನೆ, ಈಗ ಕೊರಳಪಟ್ಟಿ ಹಿಡಿಯುತ್ತಾನೆ, ಹಿಡಿಯೋ, ನಾನಿದೀನಿ, ನಿನ್ನ ಅಕ್ಕ ಇದ್ದಾಳೆ, ಹಿಡಿಯೋ — ಅವನು ಹಾರ ಹಾಕಿದ. ಹಾಕಿ, ಬಾವ ಪ್ರಯಾಣ ಸುಖವಾಯ್ತಾ ಅಂದ. ಅಂದು, ಕೂಲಿಯವನನ್ನು ಪಕ್ಕಕ್ಕೆ ತಳ್ಳಿ, ಬೋಗಿಯಿಂದ ಇಳಿಸಿದ ತಗಡಿನ ಟ್ರಂಕಿನ ಮುಂದೆ ಬಗ್ಗಿದ, ತಲೆಗೆ ಟವಲಿನ ಸಿಂಬೆ ಸುತ್ತಿಕೊಂಡ, ಎತ್ತಿಕೊಂಡ.

ಏ ಚಿಕ್ಕಬೈರಾ ಹುಷಾರು, ಅದರಲ್ಲಿ ಕಾಗದ ಪತ್ರ ಐತೆ, ಅನ್ನುತ್ತಾರೆ ಗಂಡ. ಆಯ್ತು ಬಾವ, ಅನ್ನುತ್ತಾನೆ. ಜನ ದಾರಿ ಬಿಡುತ್ತಾರೆ, ತಮಟೆಯವರು ಮುಂದೆ, ಟ್ರಂಕು ಹಿಂದೆ, ಅದರ ಹಿಂದೆ ಅವಳ ಗಂಡ, ಮೂರು ಎಲೆಕ್ಷನ್ ಗೆದ್ದವರು, ಜೈಲು ಕಂಡವರು, ಅವರ ಹಿಂದೆ ಅವಳು ಹೋಗಬೇಕು, ಕಾಲು ಕೀಳಲಾಗುತ್ತಿಲ್ಲ, ಮಕ್ಕಳು ಸ್ಕೂಲಿನಿಂದ ಬರುವ ಹೊತ್ತು, ಹಸುವಿಗೆ ಹುಲ್ಲಿಲ್ಲ, ಬೀಳಿಸೋ ಅದನ್ನ, ಬೀಳಿಸಿಬಿಡೋ, ಬಾಯಿಯೊಳಗೇ ಅನ್ನುತ್ತಾಳೆ, ಅವನು ಬೀಳಿಸುವುದಿಲ್ಲ, ಒಂದು ಕೈ ಮೇಲೆತ್ತಿ ಹಿಡಿದು ಹುಷಾರಾಗಿ ಮೆಟ್ಟಿಲಿಳಿಯುತ್ತಾನೆ, ಟ್ರಂಕಿನ ಮಗ್ಗುಲಲ್ಲಿ ಬಿಳಿ ಬಣ್ಣದಲ್ಲಿ ಬರೆದ ಗಂಡನ ಹೆಸರು, ಹೆಸರಿನ ಮುಂದೆ ಎಂ.ಪಿ., ಅದರ ಕೆಳಗೆ ತಮ್ಮನ ಕುತ್ತಿಗೆ, ನರ ಬಿಗಿದ ಕುತ್ತಿಗೆ, ಜನ ಅಡ್ಡ ಬಂದರು, ಸರಿದರು, ಮತ್ತೆ ಅದೇ, ಬಿಳಿ ಅಕ್ಷರ, ಎಂ.ಪಿ., ಅದರ ಕೆಳಗೆ ಕುತ್ತಿಗೆ, ಕಣ್ಣು ಮುಚ್ಚಿದಳು, ಎಂ.ಪಿ., ಕೆಳಗೆ ಕುತ್ತಿಗೆ —