ಗುಂಡಪ್ಪ ಹಾರಿದ ತೊಟ್ಟಿಲು

ಕುಂಚಿಗೆ ತೊಡಿಸಿದ್ದ ಗುಂಡಕಲ್ಲು ತೊಟ್ಟಿಲಿನಿಂದ ಹಾರಿ ಪೇಢೆಯ ತಟ್ಟೆಗೆ ಬಿತ್ತು. ಜೋಗುಳ ಹಾಡುತ್ತಿದ್ದ ಹೆಂಗಸರು ಸೆರಗು ಹಿಡಿದು ಗೋಡೆಗೆ ಸರಿದರು. ತೊಟ್ಟಿಲು ಇನ್ನೂ ಎಗರಾಡುತ್ತಲೇ ಇತ್ತು.

“ಬಂದ್ ಮಾಡ್ರಿ, ಮೊದ್ಲ ಬಂದ್ ಮಾಡ್ರಿ!” ಎಂದು ಬಾಣಂತಿಯ ತಾಯಿ ಚನಬಸವ್ವ ಕೂಗಿದರು. ಅಳಿಯ ಬಸವಕುಮಾರ ಓಡಿಹೋಗಿ ಪ್ಲಗ್ ಕಿತ್ತ.

“ಗುಂಡಪ್ಪಗ ಪೇಢೆ ಬೇಕಾಗಿತ್ತು ಕಾಣಸ್ತದ,” ಎಂದು ಯಾರೋ ಅಂದರು. ಕೋಣೆಯೆಲ್ಲ ನಗು.

ಹೆಸರಿಡುವ ದಿನ ಕೂಸಿಗಿಂತ ಮೊದಲು ಕಲ್ಲನ್ನು ಗುಂಡಪ್ಪನೆಂದು ಕರೆದು ತೂಗುವುದು ಬೀದರದಿಂದ ಬಂದ ಈ ಮನೆಯವರ ಪದ್ಧತಿ. ಚನಬಸವ್ವ ಆ ಕಲ್ಲನ್ನು ಒರೆಸುತ್ತ ಬೀಗತಿಯ ಕಡೆ ತಿರುಗಿದರು. “ಬ್ಯಾಸರ ಮಾಡ್ಕೋಬ್ಯಾಡ್ರಿ ಕಾಶಿಬಾಯಾರ. ಮಷೀನ್ ಬಿಚ್ಚಿ ಇಡೋಣು. ನನ್ನ ಮೊಮ್ಮಗನ್ನ ಅದ್ರಾಗ ಮಲಗಸಾಂಗಿಲ್ಲ.”

ಕಾಶಿಬಾಯಿ ಹೂಂ ಎಂದರು. ಅನ್ನುತ್ತಲೇ ತೊಟ್ಟಿಲಿನ ಹಗ್ಗವನ್ನು ಬೆರಳಿಗೆ ಸುತ್ತಿಕೊಂಡರು. ಅದನ್ನು ತೂಗುವ ಮಷೀನು ಗಂಡ ವಿಶ್ವನಾಥಪ್ಪ ಮಾಡಿಟ್ಟು ಹೋದ ಕೊನೆಯ ಸಾಮಾನು. ಮೊಮ್ಮಗನ ಮುಖ ನೋಡುವ ಮೊದಲೇ ಅವರು ತೀರಿಕೊಂಡಿದ್ದರು. ಅವ್ವ, ಮಗಳು ಆ ಮಷೀನನ್ನು ನಾಸಿಕದಿಂದ ಸಂಭಾಜಿನಗರದವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು.

ಮಗಳು ಭಾಗ್ಯಶ್ರೀ ಬಾಗಿಲ ಮರೆಯಲ್ಲಿದ್ದಳು. ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಅವಳೇ. ಹೇಳಿದೊಡನೆ ಎಲ್ಲರೂ ಅತ್ತೆಯ ಬೆನ್ನಿಗೆ ಗುದ್ದುತ್ತಾರೆ. ಅದಕ್ಕೇ ಬೆಳಗಿನಿಂದ ಹೆದರಿಕೊಂಡಿದ್ದಳು. ಈಗ ಅದು ಮರೆತು, ಅಣ್ಣ ಬಸವಕುಮಾರ ತಿರುಗಿಸಿದ ಸ್ವಿಚ್ಚನ್ನೇ ನೋಡುತ್ತಿದ್ದಳು.

ನಾಸಿಕದ ಅಂಬಡದ ಬಾಡಿಗೆ ಖೋಲಿಯಲ್ಲಿ ಅಪ್ಪ ಮಾತಾಡಿದ್ದು ಕಡಿಮೆ, ಬಿಚ್ಚಿ ಜೋಡಿಸಿದ್ದು ಹೆಚ್ಚು. ನಲ್ಲಿಗೆ ನೀರು ಬಂದರೆ ಅಡುಗೆಮನೆಯಲ್ಲಿ ದೀಪ ಹತ್ತುತ್ತಿತ್ತು. ಹಾಲು ಉಕ್ಕುವ ಮೊದಲು ಬಾರಿಸಬೇಕಾದ ಗಂಟೆ ಮಾತ್ರ ಪ್ರತಿಸಲ ಉಕ್ಕಿದ ಮೇಲೇ ಬಾರಿಸುತ್ತಿತ್ತು. “ನಿಮ್ಮ ಗಂಟಿ ನಿಮ್ಹಂಗೇ. ಎಲ್ಲಾ ಮುಗದ ಮ್ಯಾಲ ಬಾಯಿ ಬಿಡ್ತದ,” ಎಂದು ಅವ್ವ ಕಾಡಿದರೆ, ಅಪ್ಪ ಒಲೆ ಒರೆಸುತ್ತ ನಗುತ್ತಿದ್ದರು. ಶಾಲೆ ಬಿಟ್ಟು ಮನೆಯಲ್ಲಿದ್ದ ಭಾಗ್ಯಶ್ರೀ ಅವರಿಗೆ ಬ್ಯಾಟರಿ ಹಿಡಿಯುತ್ತಿದ್ದಳು. ಈ ತೊಟ್ಟಿಲಿಗೆ ಅಪ್ಪ ಹಾಕಿದ್ದು ಕಾರಿನ ವೈಪರಿನ ಮೋಟರು.

“ಅಣ್ಣಾ, ನೀ ಪೂರಾ ತಿರುವಿದಿ,” ಎಂದಳು. ತನ್ನ ದನಿ ಇಷ್ಟು ದೊಡ್ಡದಾಗಿ ಕೇಳಿಸಿದ್ದು ಅವಳಿಗೇ ಹೊಸದು. “ಅದು ಜೋರ ಮಳಿದು.”

“ಏನದು?”

“ಜೋರ ಮಳಿ ಬಂದಾಗಿನ ಸ್ಪೀಡ್. ಕೂಸಿಗ ಜಿಟಿಜಿಟಿ ಮಳಿದು ಹಾಕಬೇಕು.”

“ಅಯ್ಯ ಶಿವನ, ಈಕಿಗೂ ಮಾತು ಬರ್ತಾವ!” ಚನಬಸವ್ವ ಕಲ್ಲನ್ನು ಅವಳ ಕೈಗಿತ್ತರು. “ಹಾಕಿ ತೋರ್ಸು ತಂಗಿ. ಮೊದ್ಲ ಗುಂಡಪ್ಪಗ.”

ಭಾಗ್ಯಶ್ರೀ ಸ್ವಿಚ್ಚನ್ನು ತುಸುವೇ ತಿರುಗಿಸಿದಳು. ತೊಟ್ಟಿಲು ಮೆಲ್ಲಗೆ ಹೋಗಿ ಬಂದು ನಿಂತುಬಿಟ್ಟಿತು.

“ಕೆಟ್ಟಿತು,” ಎಂದ ಬಸವಕುಮಾರ.

“ತಡಿ. ಜಿಟಿಜಿಟಿ ಮಳ್ಯಾಗ ವೈಪರ್ ನಿಂತ ನಿಂತ ಒರಸ್ತದ.”

ಹಗ್ಗ ಬಿಗಿಯಾಯಿತು. ತೊಟ್ಟಿಲು ಮತ್ತೆ ಹೋಗಿ ಬಂತು, ಮತ್ತೆ ನಿಂತಿತು. ಅಪ್ಪ ಕೂಸಿನ ಬದಲು ಜೋಳದ ಹಿಟ್ಟಿನ ಚೀಲ ಮಲಗಿಸಿ ಹೀಗೇ ತೂಗಿದ್ದರು. ನಿಂತಾಗಲೆಲ್ಲ ಬಾಗಿ ಒಳಗೆ ನೋಡುತ್ತಿದ್ದರು. “ಹಿಟ್ಟಿನ ಮಾರಿ ಏನ ನೋಡ್ತೀರಿ?” ಎಂದು ಅವ್ವ ನಕ್ಕಿದ್ದಳು.

ಚನಬಸವ್ವ ಬಹಳ ಹೊತ್ತು ನೋಡಿದರು. ಆಮೇಲೆ ಗುಂಡಪ್ಪನನ್ನು ಎತ್ತಿ, ತಾವೇ ಮೊಮ್ಮಗನನ್ನು ಮಲಗಿಸಿದರು.

ಭಾಗ್ಯಶ್ರೀ ಕಿವಿಯ ಹತ್ತಿರ ಬಾಗಿ “ಉತ್ಕರ್ಷ” ಎಂದಳು. ಬೆನ್ನ ಮೇಲೆ ದಬದಬ ಗುದ್ದುಗಳು ಬಿದ್ದವು. ಎಲ್ಲಕ್ಕಿಂತ ಜೋರಾದದ್ದು ಅವ್ವನದು. “ಸಾಕ್ರಿ, ಸಾಕ್ರಿ!” ಎಂದು ನಗುತ್ತ ಭಾಗ್ಯಶ್ರೀ ಬೆನ್ನು ಬಗ್ಗಿಸಿದಳು.

ತೊಟ್ಟಿಲು ಮತ್ತೆ ನಿಂತಿತು. ಎತ್ತಿದ ಮುಷ್ಟಿಗಳು ಹಾಗೇ ಉಳಿದವು. ಎಲ್ಲರೂ ಬಾಗಿ ಒಳಗೆ ನೋಡಿದರು. ಕೂಸು ಆಕಳಿಸಿತು. ಹಗ್ಗ ಮೆಲ್ಲಗೆ ಜಗ್ಗಿತು, ತಲೆಗಳೆಲ್ಲ ಒಟ್ಟಿಗೇ ಹಿಂದೆ ಸರಿದವು.