ಎಡಗಡೆಯ ಬಾಗಿಲು

ಅಣ್ಣ ತಮ್ಮ ಇಬ್ಬರಿಗೂ ಸೇರಿ ಒಂದೇ ಶೆಡ್ಡು. ಅಣ್ಣ ಟಿಂಕರ್, ನುಜ್ಜುಗುಜ್ಜಾಗಿ ಬಂದ ಗಾಡಿಯ ತಗಡನ್ನು ಬಡಿದು ಬಡಿದು ಮೊದಲಿನ ರೂಪಕ್ಕೆ ತರುವವನು. ತಮ್ಮ ಪೇಂಟರ್. ಅಣ್ಣನ ಸುತ್ತಿಗೆಯ ಮೇಲೆ ತಮ್ಮನ ಬಣ್ಣ ಬಿದ್ದರೆ, ಗಾಡಿಗೆ ಏಟು ಬಿದ್ದದ್ದು ಎಲ್ಲಿ ಎಂದು ಗುದ್ದಿದವನೇ ಹುಡುಕಬೇಕಿತ್ತು.

ತಮ್ಮ ಗುಜರಿಯಿಂದ ಒಂದು ಹಳೆಯ ಪಿಕಪ್ ಎಳೆದು ತಂದ. ಅದರ ಎಡಗಡೆಯ ಬಾಗಿಲು ಇಲ್ಲವೇ ಇಲ್ಲ ಎನ್ನುವಷ್ಟು ಹಾಳಾಗಿತ್ತು. ಆ ಮಾದರಿಯ ಬಾಗಿಲು ಎಲ್ಲೂ ಸಿಗಲಿಲ್ಲ. ಅಣ್ಣ ಬರಿಯ ತಗಡನ್ನು ಕತ್ತರಿಸಿ, ಮೂರು ವಾರ ಕೂತು, ಬಾಗಿಲನ್ನು ಕೈಯಲ್ಲೇ ಬಡಿದು ಕೊಟ್ಟ. ತಮ್ಮ ಗಾಡಿಯ ಎತ್ತರ ತಗ್ಗಿಸಿದ, ಅಗಲದ ಟೈರು ಹಾಕಿಸಿದ, ಹಿಂದಿನ ತೊಟ್ಟಿಗೆ ಮರದ ಹಲಗೆ ಕೂರಿಸಿ ಪಾಲಿಶ್ ಮಾಡಿದ.

"ಏನಯ್ಯಾ, ಇದು ಸಾಮಾನು ಹೊರೋ ಗಾಡೀನೋ, ಮದುಮಗಳೋ?" ಎಂದು ಎದುರಂಗಡಿಯವನು ರೇಗಿಸುತ್ತಿದ್ದ.

ತಮ್ಮ ಕಡುನೀಲಿಯ ಕೊನೆಯ ಕೋಟ್ ಹೊಡೆದು ಸ್ಪ್ರೇ ಗನ್ ಕೆಳಗಿಟ್ಟ ಬೆಳಿಗ್ಗೆ ಅಣ್ಣನ ಫೋನು ಬಂತು. ಅಮ್ಮ ಅವನ ಮನೆಯಲ್ಲಿದ್ದಳು.

"ಅಮ್ಮ ಎದೆನೋವು ಅಂತಿದಾಳೆ ಕಣೋ. ಗಾಡಿ ತಗೊಂಡು ಬಾ."

"ಈಗಷ್ಟೇ ಬಣ್ಣ ಹೊಡ್ದಿದೀನಣ್ಣ, ಇನ್ನೂ ಹಸಿ. ಬಾಡಿಗೆ ಗಾಡಿ ಕರಿ, ನಾನು ಹಿಂದೇನೇ ಬಂದೆ."

ಬಾಡಿಗೆ ಗಾಡಿ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಮ್ಮ ದಾರಿಯಲ್ಲೇ ತೀರಿಕೊಂಡಳು. ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲವೇನೋ ಎಂದರು ಡಾಕ್ಟರು. ಆ 'ಏನೋ' ಇಬ್ಬರ ಕಿವಿಯಲ್ಲೂ ಉಳಿಯಿತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅಣ್ಣ ತಮ್ಮನನ್ನು ಕೇಳಿದ್ದು ಒಂದೇ ಮಾತು:

"ಬಣ್ಣ ಒಣಗ್ತಾ?"

ವಾರದೊಳಗೆ ಅಣ್ಣ ತನ್ನ ಸಾಮಾನು ಎತ್ತಿಕೊಂಡು ಹೋದ. ಆರು ವರ್ಷ ಮಾತಿಲ್ಲ, ಕತೆಯಿಲ್ಲ. ತಮ್ಮ ಮಾತ್ರ ಪಿಕಪ್ಪನ್ನು ಉಜ್ಜುತ್ತಲೇ ಇದ್ದ. ಬೇರೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ.

ಆರನೆಯ ವರ್ಷ ಊರ ಮೈದಾನದಲ್ಲಿ ಗಾಡಿಗಳ ಪ್ರದರ್ಶನ ನಡೆಯಿತು. ಮಾಲೀಕ ತಾನೊಬ್ಬನೇ ಕೈಯಾರೆ ಕಟ್ಟಿದ ಗಾಡಿಗಳಿಗೆ ಬೇರೆಯೇ ಸಾಲು. ತಮ್ಮ ಪಿಕಪ್ಪನ್ನು ಅದರಲ್ಲಿ ನಿಲ್ಲಿಸಿದ್ದ. ತೀರ್ಪುಗಾರ ಮುದುಕ ಮಂಡಿಯೂರಿ, ಟಾರ್ಚ್ ಬಿಟ್ಟು ನೋಡುತ್ತ ಬಂದವನು ಎಡಗಡೆಯ ಬಾಗಿಲ ಹತ್ತಿರ ನಿಂತುಬಿಟ್ಟ.

"ಇದು ಕಂಪನಿ ಬಾಗಿಲಲ್ಲ, ಕೈಯಲ್ಲಿ ಬಡ್ದಿರೋದು. ಯಾರ ಕೆಲಸ?"

"ನಂದೇ ಸಾರ್."

ಮಾತು ಬಾಯಿಂದ ಜಾರಿದ ಮೇಲೆ ತಲೆಯೆತ್ತಿದ. ಹಗ್ಗದ ಆಚೆ ಅಣ್ಣ ಅತ್ತಿಗೆ ನಿಂತಿದ್ದರು.

ತೀರ್ಪುಗಾರ ಮುಂದೆ ಹೋದ. ಅಣ್ಣ ಹಗ್ಗದಡಿ ಬಗ್ಗಿ ಬಂದು ಬಾಗಿಲ ಮೇಲೆ ಅಂಗೈಯಿಟ್ಟ. ಕೈ ಗಡಗಡ ನಡುಗುತ್ತಿತ್ತು. ಸ್ವಲ್ಪ ಹೊತ್ತು ಸವರಿ, ಕೈಯನ್ನು ಜೇಬಿಗೆ ಸೇರಿಸಿ, ತಮ್ಮನ ಮುಖವನ್ನೂ ನೋಡದೆ ಹೊರಟುಹೋದ.

ಅತ್ತಿಗೆ ಹಿಂದುಳಿದಳು. "ಎರಡು ವರ್ಷ ಆಯ್ತು ಕೈ ಹೀಗಾಗಿ. ಸುತ್ತಿಗೆ ಇರಲಿ, ನೀರಿನ ಲೋಟ ಹಿಡಿದ್ರೂ ಚೆಲ್ಲುತ್ತೆ. ಪೋಸ್ಟರಲ್ಲಿ ನಿನ್ನ ಗಾಡಿ ಕಂಡ್ರು. ಆ ಬಾಗಿಲನ್ನ ಒಂದ್ಸಲ ಮುಟ್ಟಿ ಬರ್ತೀನಿ ಅಂದ್ರು. ಅಷ್ಟೇ, ಜಗಳಕ್ಕೆ ಬಂದಿದ್ದಲ್ಲ."

ಅವಳೂ ಹೋದಳು. ತಮ್ಮ ಒರೆಸುವ ಬಟ್ಟೆ ಹಿಡಿದು ನಿಂತೇ ಇದ್ದ. ಆಮೇಲೆ ನೇರ ತೀರ್ಪುಗಾರನ ಮೇಜಿಗೆ ನಡೆದ.

"ಸಾರ್, ಸುಳ್ಳು ಹೇಳ್ದೆ. ಆ ಬಾಗಿಲು ನಮ್ಮಣ್ಣ ಮಾಡಿದ್ದು."

ಮುದುಕ ಕನ್ನಡಕ ತೆಗೆದು ನೋಡಿದ. "ಹಾಗಾದ್ರೆ ಈ ಸಾಲಲ್ಲಿ ನಿಮ್ಮ ಗಾಡಿ ಇರೋ ಹಾಗಿಲ್ಲ. ಗೊತ್ತಲ್ಲ?"

"ಗೊತ್ತು ಸಾರ್."

ಮಟಮಟ ಮಧ್ಯಾಹ್ನ, ಎಲ್ಲರೂ ನೋಡುತ್ತಿರುವಂತೆ, ಪಿಕಪ್ ಸಾಲು ಬಿಟ್ಟು ಹೊರಬಂತು. ಬಸ್ ಸ್ಟಾಪಿನಲ್ಲಿ ಅಣ್ಣ ಅತ್ತಿಗೆ ಇನ್ನೂ ಕಾಯುತ್ತಿದ್ದರು.

"ಹತ್ತಣ್ಣ."

ಅಣ್ಣ ಅಲುಗಲಿಲ್ಲ. ಅತ್ತಿಗೆಯೇ ಬಾಗಿಲು ತೆಗೆದು ಒಳಗೆ ಸರಿದು ಕೂತಳು. ಕೊನೆಗೆ ಅಣ್ಣನೂ ಹತ್ತಿದ. ದಾರಿ ಅರ್ಧ ಕಳೆದಿತ್ತು.

"ಅವತ್ತು ನಾನು ಬರಬೇಕಾಗಿತ್ತು," ಎಂದ ತಮ್ಮ.

"ಹೌದು. ಬರಬೇಕಾಗಿತ್ತು."

ಅಣ್ಣ ಆ ಮಾತನ್ನು ಮೆತ್ತಗೆ ಮಾಡಲಿಲ್ಲ. ಅದು ಮೆತ್ತಗಾಗಲಿ ಎಂದು ತಮ್ಮನೂ ಕಾಯಲಿಲ್ಲ. ಕಣ್ಣು ಮಂಜಾಗಿ ಗಾಡಿಯನ್ನು ಒಂದು ಕ್ಷಣ ಬದಿಗೆ ನಿಲ್ಲಿಸಿಕೊಂಡ. ಮನೆಯ ಮುಂದೆ ಇಳಿದ ಮೇಲೆ ಅಣ್ಣ ಬಾಗಿಲ ಕೆಳ ಅಂಚನ್ನು ಬಗ್ಗಿ ನೋಡಿದ.

"ಇಲ್ಲಿ ತುಕ್ಕು ಹಿಡೀತಿದೆ. ಒಳಗೆ ನೀರು ನಿಲ್ತಿದೆ, ಗೊತ್ತಾಗ್ಲಿಲ್ವಾ?"

"ನಂಗೆ ತಗಡು ಕೆಲಸ ಎಲ್ಲಿ ಬರುತ್ತಣ್ಣ."

"ಕಲಿ. ನಾನು ಹೇಳ್ತೀನಿ."

ಮುಂದಿನ ಭಾನುವಾರ ಅಣ್ಣ ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕೂತ. ತಮ್ಮ ಸುತ್ತಿಗೆ ಹಿಡಿದ. ತುಕ್ಕಿನ ಜಾಗಕ್ಕೆಂದು ಕತ್ತರಿಸಿದ ಮೊದಲ ತಗಡಿನ ಪಟ್ಟಿ ಅಲೆಅಲೆಯಾಗಿ ಕೆಟ್ಟಿತು. ಎರಡನೆಯದೂ ಕೆಟ್ಟಿತು. "ಇನ್ನೊಂದು ಕತ್ತರಿಸು," ಎಂದ ಅಣ್ಣ, ನಡುಗುವ ಬೆರಳಲ್ಲೇ ಗೆರೆ ತೋರಿಸುತ್ತ.